ಮುಂದಿನ ಗಾಲಿ ಎಳೆಯುವ ಮೋಟಾರು

ಬಂಡಿಗೆ ಎತ್ತನ್ನು ಮುಂದೆಯೇ ಏಕೆ ಹೂಡುತ್ತಾರೆಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಬಂಡಿ ಹೊಡೆಯುವ ರೈತನಿಗೆ ಅದಕ್ಕಿಂತ ಸೂಕ್ಷ್ಮವಾದ ಸಂಗತಿಗಳೂ ತಿಳಿದಿರುತ್ತವೆ. ಚೀಲ ಹೇರುವಾಗ ಹಿಂಭಾರವಾದರೆ ನೊಗವು ಎತ್ತುಗಳ ಹೆಗಲು ಬಿಟ್ಟು ಮೇಲೇಳುತ್ತದೆ. ಮುಂಭಾರವಾದರೆ ಎತ್ತುಗಳು ಬಳಲುತ್ತವೆ. ಅಚ್ಚಿಗೆ ಕೀಲೆಣ್ಣೆ ಹಾಕದಿದ್ದರೆ ಗಾಲಿ ಕಿರುಗುಟ್ಟಿ ಸವೆಯುತ್ತದೆ. ಇವನ್ನೆಲ್ಲ ಆತ ಯಾವ ಪಠ್ಯಪುಸ್ತಕದಿಂದಲೂ ಕಲಿತವನಲ್ಲ. ಆದರೆ ಅದೇ ರೈತನ ಅಂಗಳದಲ್ಲಿ ಇಂದು ನಿಂತಿರುವ ಕಾರನ್ನು ತೋರಿಸಿ, ಇದನ್ನು ಓಡಿಸುವ ಗಾಲಿಗಳು ಮುಂದಿನವೋ ಹಿಂದಿನವೋ ಎಂದು ಕಾಲೇಜಿನಲ್ಲಿ ಓದುವ ಆತನ ಮಗನನ್ನೋ ಮಗಳನ್ನೋ ಕೇಳಿದರೆ, ತಟ್ಟನೆ ಉತ್ತರ ಬರುವುದು ಅಪರೂಪ. ಬಂಡಿಯ ವಿಷಯದಲ್ಲಿ ಇದ್ದ ತಿಳಿವಳಿಕೆ ಮೋಟಾರಿನ ವಿಷಯದಲ್ಲಿ ನಮಗೆ ಬಂದಿಲ್ಲ. ಈ ಕೊರತೆಯನ್ನು ಸಣ್ಣದೆಂದು ಬಗೆಯಲು ನಾವು ಸಿದ್ಧರಿಲ್ಲ. ಅದರ ಬೆಲೆಯನ್ನು ಹಣದಲ್ಲಿ ತೆರಬೇಕಾಗುತ್ತದೆ. ಮಳೆಗಾಲದಲ್ಲಿ ಒಮ್ಮೊಮ್ಮೆ ಪ್ರಾಣದಲ್ಲಿಯೂ ತೆರಬೇಕಾಗುತ್ತದೆ.

ವಿಜಯಪುರ ಜಿಲ್ಲೆಯ ಬಬಲೇಶ್ವರ, ತಿಕೋಟಾ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಡೋಣಿ ಹೊಳೆಯ ಈ ನಾಡು ಎರೆಮಣ್ಣಿಗೂ ಬಿಳಿಜೋಳಕ್ಕೂ ಹೆಸರಾದುದು. ಈಚಿನ ದಶಕಗಳಲ್ಲಿ ದ್ರಾಕ್ಷಿಯ ತೋಟಗಳೂ ಇಲ್ಲಿ ಬಹಳವಾಗಿವೆ. ವರ್ಷದ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ವರ್ಷದ ಬಹುಭಾಗ ರಸ್ತೆಗಳು ಒಣಗಿಯೇ ಇರುವುದರಿಂದ ಚಾಲಕನ ಕೈಕಾಲುಗಳು ಒಣ ರಸ್ತೆಗೆ ಒಗ್ಗಿರುತ್ತವೆ. ಮಳೆ ಬಿದ್ದ ದಿನ ಮಾತ್ರ ಎಲ್ಲವೂ ಬದಲಾಗುತ್ತದೆ. ತಿಂಗಳುಗಟ್ಟಲೆ ಕೂತ ಧೂಳೂ ಎಣ್ಣೆಯ ಜಿಡ್ಡೂ ಮೊದಲ ಹನಿಗಳೊಡನೆ ಕಲೆತು ಡಾಂಬರಿನ ಮೇಲೆ ಜಾರುವ ಪೊರೆಯಾಗುತ್ತವೆ. ಹೊಲದಿಂದ ರಸ್ತೆಗೆ ಏರುವ ಟ್ರ್ಯಾಕ್ಟರುಗಳು ತಮ್ಮ ಗಾಲಿಗಳಲ್ಲಿ ಎರೆಮಣ್ಣನ್ನು ಹೊತ್ತು ತಂದು ಅದಕ್ಕೆ ಸೇರಿಸುತ್ತವೆ. ಡೋಣಿ ಉಕ್ಕಿ ಇಳಿದ ಮೇಲೆ ಸಾರವಾಡದಂಥ ಹೊಳೆದಂಡೆಯ ಊರುಗಳ ಹಾದಿಯಲ್ಲಿ ಎಂಥ ರಾಡಿ ಉಳಿಯುತ್ತದೆಂಬುದನ್ನು ಆ ಭಾಗದ ಓದುಗರಿಗೆ ನಾವು ಹೇಳಬೇಕಾದುದಿಲ್ಲ. ಮಳೆ ಎಷ್ಟು ಅಪರೂಪವೋ, ಮಳೆಯ ರಸ್ತೆಯ ಅನುಭವವೂ ಅಷ್ಟೇ ಅಪರೂಪ. ಅನುಭವವಿಲ್ಲದ ಕಡೆ ತಿಳಿವಳಿಕೆಯಾದರೂ ಇರಬೇಕಷ್ಟೆ.

ಮುಂದಿನ ಗಾಲಿಯಿಂದ ಗಾಡಿಯನ್ನು ಎಳೆಸುವ ಕಲ್ಪನೆ ಹೊಸದೇನೂ ಅಲ್ಲ. 1769ರಲ್ಲಿ ಫ್ರಾನ್ಸಿನ ನಿಕೊಲಾ ಕುನ್ಯೊ ಕಟ್ಟಿದ ಉಗಿಬಂಡಿಗೆ ಮೂರು ಗಾಲಿಗಳಿದ್ದವು. ಅದನ್ನು ಎಳೆಯುತ್ತಿದ್ದುದು ಮುಂದಿನ ಒಂಟಿ ಗಾಲಿ. 1934ರಲ್ಲಿ ಅದೇ ದೇಶದ ಸಿತ್ರೊಯೆನ್ ಸಂಸ್ಥೆ ಮುಂಗಾಲಿಯ ಚಾಲನೆಯ ಕಾರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. 1959ರಲ್ಲಿ ಇಂಗ್ಲೆಂಡಿನ ಅಲೆಕ್ ಇಸಿಗೊನಿಸ್ ತನ್ನ 'ಮಿನಿ' ಕಾರಿನಲ್ಲಿ ಎಂಜಿನನ್ನು ಅಡ್ಡಲಾಗಿ ಕೂರಿಸಿ, ಪುಟ್ಟ ಕಾರಿನೊಳಗೆ ನಾಲ್ವರಿಗೆ ಸ್ಥಳ ಮಾಡಿಕೊಟ್ಟನು. ನಮ್ಮ ದೇಶದಲ್ಲಿ ಬಹುಕಾಲ ಓಡಿದ ಮೂರು ಗಾಲಿಯ ಹಳೆಯ ಟೆಂಪೊ ಗಾಡಿಯೂ ಮುಂದಿನ ಗಾಲಿಯಿಂದಲೇ ಎಳೆಯುತ್ತಿತ್ತು. ಆದರೆ ಮನೆಮಂದಿಯ ಕಾರೆಂದರೆ ಅಂಬಾಸಿಡರ್ ಇಲ್ಲವೆ ಪ್ರೀಮಿಯರ್ ಪದ್ಮಿನಿ, ಅವೆರಡೂ ಹಿಂಗಾಲಿಯವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಈ ಸ್ಥಿತಿ ತಲೆಕೆಳಗಾಯಿತು. ಇಂದು ನಮ್ಮ ಊರುಗಳಲ್ಲಿ ಕಾಣುವ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂಗಾಲಿಯವೇ. ಗಾಡಿ ಬದಲಾಯಿತು; ಅದನ್ನು ನಡೆಸುವ ರೂಢಿ ಮಾತ್ರ ಜೀಪಿನ, ಟ್ರ್ಯಾಕ್ಟರಿನ, ಅಂಬಾಸಿಡರಿನ ಕಾಲದ್ದೇ ಆಗಿ ಉಳಿಯಿತು.

ಈ ಏರ್ಪಾಡಿನ ಗುಣವೇನೆಂಬುದನ್ನು ಮೊದಲು ತಿಳಿಯೋಣ. ಹಿಂದಿನಿಂದ ನೂಕುವುದಕ್ಕಿಂತ ಮುಂದಿನಿಂದ ಎಳೆಯುವುದು ಸುಲಭ ಎಂದು ಹಲವರು ಹೇಳುತ್ತಾರೆ. ಅದು ಪೂರ್ಣ ಸತ್ಯವಲ್ಲ. ಗಾಲಿಗೆ ದೊರೆಯುವ ಹಿಡಿತವು ಅದರ ಮೇಲೆ ಬೀಳುವ ಭಾರವನ್ನೂ ನೆಲದ ಘರ್ಷಣೆಯನ್ನೂ ಅವಲಂಬಿಸಿದೆ. ಮುಂಗಾಲಿಯ ಕಾರಿನಲ್ಲಿ ಎಂಜಿನು, ಗೇರುಪೆಟ್ಟಿಗೆ ಎರಡೂ ಮುಂದೆಯೇ ಇರುತ್ತವೆ. 800 ಕಿಲೊ ತೂಗುವ ಒಂದು ಕಾರಿನಲ್ಲಿ 480 ಕಿಲೊ ಮುಂದಿನ ಗಾಲಿಗಳ ಮೇಲಿದೆ ಎಂದಿಟ್ಟುಕೊಳ್ಳಿ. ಒಣ ಡಾಂಬರಿನ ಘರ್ಷಣಾಂಕ ಸುಮಾರು 0.8, ಒದ್ದೆ ಡಾಂಬರಿನದು 0.5; ಎರೆಮಣ್ಣಿನ ರಾಡಿ ಬಳಿದ ರಸ್ತೆಯದು 0.2 ಎಂದು ಹಿಡಿದರೆ, ಆ ಗಾಲಿಗಳಿಗೆ ಸಿಗುವ ಹಿಡಿತ ಕ್ರಮವಾಗಿ 384, 240, 96 ಕಿಲೊ ತೂಕದಷ್ಟು. ಖಾಲಿ ಇರುವ ಹಿಂಗಾಲಿಯ ಕಾರಿಗಿಂತ ಇದು ಹೆಚ್ಚೇ. ಆದುದರಿಂದ ಸಮತಟ್ಟಾದ ಒದ್ದೆ ರಸ್ತೆಯಲ್ಲಿ ಮುಂಗಾಲಿಯ ಕಾರು ಸುಲಭವಾಗಿ ಜಾರಲಾರದು. ಇದು ಅದರ ದೊಡ್ಡ ಉಪಕಾರ.

ಆದರೆ ಉಪಕಾರದೊಡನೆ ಒಂದು ಹೊಣೆಯೂ ಬಂದಿದೆ. ಹಿಂಗಾಲಿಯ ಕಾರಿನಲ್ಲಿ ಎಳೆಯುವ ಕೆಲಸ ಹಿಂದಿನ ಗಾಲಿಯದು, ತಿರುಗಿಸುವ ಕೆಲಸ ಮುಂದಿನ ಗಾಲಿಯದು. ಮುಂಗಾಲಿಯ ಕಾರಿನಲ್ಲಿ ಎರಡನ್ನೂ ಮುಂದಿನ ಗಾಲಿಗಳೇ ಮಾಡಬೇಕು. ಬ್ರೇಕು ಹಾಕಿದಾಗ ಹೆಚ್ಚಿನ ಪಾಲನ್ನೂ ಅವೇ ಹೊರಬೇಕು. ಟೈರಿನ ಒಟ್ಟು ಹಿಡಿತವನ್ನು 100 ಎಂದು ಎಣಿಸೋಣ. ಎಳೆಯುವ ಬಲವೂ ತಿರುಗಿಸುವ ಬಲವೂ ಒಂದಕ್ಕೊಂದು ಲಂಬವಾಗಿರುವುದರಿಂದ, ಅವುಗಳ ಲೆಕ್ಕ ಪೈಥಾಗೊರಸನ ಪ್ರಮೇಯದ ಲೆಕ್ಕವೇ. ಎಳೆಯುವುದಕ್ಕೆ 80 ಖರ್ಚಾದರೆ ತಿರುಗಿಸುವುದಕ್ಕೆ 20 ಅಲ್ಲ, 60 ಉಳಿಯುತ್ತದೆ. ಎಳೆಯುವುದಕ್ಕೆ ನೂರೂ ಖರ್ಚಾದರೆ ತಿರುಗಿಸುವುದಕ್ಕೆ ಏನೂ ಉಳಿಯುವುದಿಲ್ಲ. ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ರಸ್ತೆಯ ಹೊರಗೇ ಸಾಗುತ್ತದೆ. ಮುಂಗಾಲಿಯ ಕಾರು ತಿರುವಿನಲ್ಲಿ 'ಮಾತು ಕೇಳುವುದಿಲ್ಲ' ಎಂದು ಚಾಲಕರು ದೂರುವುದರ ಗುಟ್ಟು ಇದೇ.

50 ಮೀಟರು ತ್ರಿಜ್ಯದ ಒಂದು ತಿರುವನ್ನು ಊಹಿಸಿಕೊಳ್ಳಿ. ಮೇಲೆ ಹೇಳಿದ ಘರ್ಷಣಾಂಕಗಳಿಂದ ಗುಣಿಸಿದರೆ, ಆ ತಿರುವನ್ನು ಜಾರದೆ ದಾಟಬಹುದಾದ ಗರಿಷ್ಠ ವೇಗ ಒಣ ರಸ್ತೆಯಲ್ಲಿ ಗಂಟೆಗೆ 71 ಕಿಲೊಮೀಟರು, ಒದ್ದೆ ರಸ್ತೆಯಲ್ಲಿ 56, ರಾಡಿಯಲ್ಲಿ ಕೇವಲ 36. ತಿರುವು ಅದೇ, ಕಾರು ಅದೇ, ಚಾಲಕನೂ ಅವನೇ. ಗತಿಯಲ್ಲಿರುವಾಗಲೇ ಆಕ್ಸಲರೇಟರನ್ನು ಒತ್ತಿದರೆ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ಭೌತಶಾಸ್ತ್ರದ ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿ ಅಂಕ ಪಡೆದ ವಿದ್ಯಾರ್ಥಿಯು ಅದನ್ನು ರಸ್ತೆಗೆ ತರದಿದ್ದರೆ ಆ ಅಂಕಗಳಿಂದ ಪ್ರಯೋಜನವೇನು?

ಹೀಗಿರಲಾಗಿ ಚಾಲಕನ ಕರ್ತವ್ಯ ಸ್ಪಷ್ಟವಾಗಿದೆ. ವೇಗವನ್ನು ತಿರುವಿಗೆ ಮುಂಚೆಯೇ, ಗಾಲಿಗಳು ನೆಟ್ಟಗಿರುವಾಗಲೇ ಇಳಿಸತಕ್ಕದ್ದು. ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಸರಿಯುತ್ತಿದೆ ಎನ್ನಿಸಿದರೆ ಸ್ಟೇರಿಂಗನ್ನು ಮತ್ತಷ್ಟು ತಿರುಗಿಸುವುದೂ ಬ್ರೇಕನ್ನು ಗಟ್ಟಿಯಾಗಿ ತುಳಿಯುವುದೂ ಸಹಜ ಪ್ರವೃತ್ತಿಗಳು, ಎರಡೂ ತಪ್ಪು. ಹಿಡಿತ ಮುಗಿದ ಗಾಲಿಯ ಮೇಲೆ ಇನ್ನಷ್ಟು ಸಾಲ ಹೊರಿಸಿದಂತೆ ಅದು. ಆಕ್ಸಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತಿ, ಸ್ಟೇರಿಂಗನ್ನು ತುಸು ಸಡಿಲಿಸಿದರೆ ಭಾರವು ಮುಂದಕ್ಕೆ ಬಂದು ಹಿಡಿತ ಮರಳುತ್ತದೆ. 'ಮೆಲ್ಲಗೆ' ಎಂಬ ಮಾತಿಗೆ ಒತ್ತು ಕೊಡುತ್ತೇವೆ. ತಟ್ಟನೆ ಕಾಲೆತ್ತಿದರೆ ಹಿಂದಿನ ಗಾಲಿಗಳ ಭಾರ ಒಮ್ಮೆಲೇ ಇಳಿದು ಹಿಂಭಾಗವೇ ಜಾರುವ ಸಂಭವವುಂಟು. ಹೊಸ ಕಾರುಗಳಲ್ಲಿ ಗಾಲಿ ಬಿಗಿಯದಂತೆ ತಡೆಯುವ ಬ್ರೇಕಿನ ವ್ಯವಸ್ಥೆ ಇರುತ್ತದೆ, ನಿಜ. ಅದು ಇರುವ ಹಿಡಿತವನ್ನು ಜಾಣತನದಿಂದ ಬಳಸಬಲ್ಲುದೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು.

ಇನ್ನು ಹೊಲದ ಹಾದಿಯ ಮಾತು. ಎರೆಮಣ್ಣಿನಲ್ಲಿ ನೀರು ಹೀರಿ ಉಬ್ಬುವ ಸೂಕ್ಷ್ಮ ಜೇಡಿಕಣಗಳಿವೆ. ಒದ್ದೆಯಾದ ಎರೆ ಟೈರಿನ ಗೀರುಗಳನ್ನೆಲ್ಲ ತುಂಬಿ ಅದನ್ನು ಬೋಳು ಉರುಳೆಯನ್ನಾಗಿ ಮಾಡುತ್ತದೆ. ಮುಂದಿನ ಒಂದು ಗಾಲಿ ಇಂಥ ಕೆಸರಿನಲ್ಲಿ ಸಿಕ್ಕಿ ಗಿರ್ರನೆ ತಿರುಗುತ್ತಿದ್ದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿ ಸುಮ್ಮನೆ ನಿಂತಿರುವುದನ್ನು ನೀವು ಕಂಡಿರಬಹುದು. ಇದಕ್ಕೆ ಕಾರಣ ಎರಡು ಗಾಲಿಗಳ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ. ಅದು ಎರಡೂ ಗಾಲಿಗಳಿಗೆ ಸಮನಾದ ತಿರುಚುಬಲವನ್ನೇ ಹಂಚುತ್ತದೆ. ಜಾರುವ ಗಾಲಿ ಎಷ್ಟು ಬಲವನ್ನು ತಡೆಯಬಲ್ಲುದೋ ಅಷ್ಟೇ ಇನ್ನೊಂದಕ್ಕೂ ಸಿಗುತ್ತದೆ. ಆದ್ದರಿಂದ ಎಂಜಿನನ್ನು ಅಬ್ಬರಿಸಿದಷ್ಟೂ ಗುಂಡಿ ಆಳವಾಗುತ್ತದೆ, ಅಷ್ಟೆ. ಮುಂದಿನ ಗಾಲಿಗಳ ಕೆಸರು ಕೆರೆದು, ಅವುಗಳ ಮುಂದೆ ಗರಸು, ಗೋಣಿಚೀಲ ಇಲ್ಲವೆ ಜೋಳದ ಕಣಿಕೆ ಹಾಸಿ, ಗಾಲಿಗಳನ್ನು ನೆಟ್ಟಗಿಟ್ಟು ಮೆಲ್ಲಗೆ ಸಾಗಿಸುವುದೇ ಸರಿಯಾದ ದಾರಿ. ಹಿಂದಿನ ಗಾಲಿಯ ಕೆಳಗೆ ಕಲ್ಲು ತುರುಕಿ ಬೆವರುವವರನ್ನು ಕಂಡರೆ ನಮಗೆ ಮರುಕವುಂಟಾಗುತ್ತದೆ. ಎಳೆಯದ ಗಾಲಿಗೆ ಆಸರೆ ಕೊಟ್ಟರೆ ಫಲವೇನು?

ಹಳ್ಳದಿಂದ ದಿಬ್ಬ ಏರುವಾಗ ಭಾರವು ಹಿಂದಕ್ಕೆ ಸರಿದು ಮುಂಗಾಲಿಯ ಹಿಡಿತ ಕುಗ್ಗುತ್ತದೆ. ಮುಂದಾಗಿ ಏರಲಾರದ ಕಾರು ಹಿಮ್ಮುಖವಾಗಿ ಏರಿದ ಉದಾಹರಣೆಗಳಿವೆ. ಆಗ ಎಳೆಯುವ ಗಾಲಿಗಳು ಇಳಿಜಾರಿನ ಕೆಳಬದಿಗೆ ಬರುವುದರಿಂದ ಅವುಗಳ ಮೇಲೆ ಭಾರ ಹೆಚ್ಚುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ಅದೇ ಕಾರಣದಿಂದ ಡಿಕ್ಕಿಯ ತುಂಬ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನೋ ಜೋಳದ ಚೀಲಗಳನ್ನೋ ಹೇರಿ, ಹಿಂದಿನ ಆಸನದಲ್ಲಿ ನಾಲ್ವರನ್ನು ಕೂರಿಸಿ ಹೊರಡುವುದು ಅವಿವೇಕ. ಹಿಂಭಾರವಾದ ಬಂಡಿಯ ನೊಗ ಮೇಲೇಳುವಂತೆಯೇ ಇಲ್ಲಿ ಮುಂದಿನ ಗಾಲಿ ಹಗುರಾಗುತ್ತದೆ. ಬಂಡಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಕಾರಿನಲ್ಲಿ ಮೊದಲ ಮಳೆಯ ತಿರುವಿನವರೆಗೆ ಕಾಣುವುದಿಲ್ಲ.

ಈಗ ಆರೈಕೆಯ ವಿಷಯಕ್ಕೆ ಬರೋಣ. ಮೂರು ಕೆಲಸ ಮಾಡುವ ಮುಂದಿನ ಟೈರುಗಳು ಬೇಗನೆ ಸವೆಯುವುದು ಸಹಜ. ಎಂಟು ಹತ್ತು ಸಾವಿರ ಕಿಲೊಮೀಟರಿಗೊಮ್ಮೆ ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ತಯಾರಕರು ಹೇಳಿದ ಕ್ರಮದಲ್ಲಿ ಬದಲಿಸುತ್ತಿದ್ದರೆ ನಾಲ್ಕೂ ಸಮವಾಗಿ ಸವೆಯುತ್ತವೆ. ಇದನ್ನು ಮಾಡದೆ, ಮುಂದಿನ ಎರಡು ಬೋಳಾದ ಮೇಲೆ ಹೊಸ ಜೋಡಿಯನ್ನು ಕೊಂಡು ಅವನ್ನು ಮುಂದಕ್ಕೇ ಹಾಕಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. 'ಎಳೆಯುವ ಗಾಲಿಗೆ ಒಳ್ಳೆಯ ಟೈರು' ಎಂಬ ತರ್ಕ ಕೇಳಲು ಸೊಗಸಾಗಿದೆ. ಆದರೂ ಅದನ್ನು ನಾವು ವಿರೋಧಿಸುತ್ತೇವೆ. ಮುಂದಿನ ಗಾಲಿ ಜಾರಿದರೆ ಕಾರು ನೆಟ್ಟಗೆ ಸಾಗುತ್ತದೆ, ಸ್ಟೇರಿಂಗಿನಿಂದ ಚಾಲಕನಿಗೆ ಅದು ತಿಳಿಯುತ್ತದೆ, ಕಾಲೆತ್ತಿದರೆ ಸುಧಾರಿಸುತ್ತದೆ. ಹಿಂದಿನ ಗಾಲಿ ಜಾರಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಅದನ್ನು ಸರಿಪಡಿಸಬಲ್ಲ ಚಾಲಕರು ಬಹಳ ಕಡಿಮೆ. ಆದ್ದರಿಂದ ಎರಡೇ ಹೊಸ ಟೈರು ಕೊಂಡಾಗ ಅವನ್ನು ಹಿಂದಕ್ಕೇ ಹಾಕಿಸಬೇಕು. ಹಿಂದಿದ್ದವು ಚೆನ್ನಾಗಿದ್ದರೆ ಮುಂದಕ್ಕೆ ತರಬೇಕು. ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದ ಟೈರಿಗೆ ಕಾರಿನಲ್ಲಿ ಎಲ್ಲಿಯೂ ಸ್ಥಾನವಿಲ್ಲ.

ಮುಂಗಾಲಿಯ ಕಾರಿನ ನಿಜವಾದ ಮರ್ಮಸ್ಥಾನ ಬೇರೊಂದಿದೆ. ಗೇರುಪೆಟ್ಟಿಗೆಯಿಂದ ಗಾಲಿಗೆ ಹೋಗುವ ದಂಡವು ಗಾಲಿಯೊಡನೆ ಮೇಲೆ ಕೆಳಗೆ ಆಡಬೇಕು, ಎಡಕ್ಕೆ ಬಲಕ್ಕೆ ತಿರುಗಬೇಕು, ಆದರೂ ಒಂದೇ ಸಮನೆ ಸುತ್ತಬೇಕು. ಹುಕ್ ಎಂಬ ವಿಜ್ಞಾನಿಯ ಹೆಸರಿನ ಹಳೆಯ ಕೀಲು ಬಾಗಿದಾಗ ಪ್ರತಿಯೊಂದು ಸುತ್ತಿನಲ್ಲಿಯೂ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. 1920ರ ದಶಕದಲ್ಲಿ ಆಲ್ಫ್ರೆಡ್ ಜೆಪ್ಪಾ ಎಂಬ ಎಂಜಿನಿಯರು ಆರು ಉಕ್ಕಿನ ಗುಂಡುಗಳನ್ನು ಬಾಗಿದ ಕಾಲುವೆಗಳಲ್ಲಿ ಕೂರಿಸಿ ಈ ದೋಷವನ್ನು ಕಳೆದನು. ಗುಂಡುಗಳು ಯಾವಾಗಲೂ ಎರಡು ದಂಡಗಳ ನಡುವಣ ಕೋನವನ್ನು ಅರ್ಧಿಸುವ ಸಮತಲದಲ್ಲಿಯೇ ನಿಲ್ಲುವುದರಿಂದ ವೇಗ ಏರುಪೇರಾಗುವುದಿಲ್ಲ. ಕಾರ್ಖಾನೆಯ ಮಂದಿ ಇದನ್ನು ಸಿ.ವಿ. ಜಾಯಿಂಟ್ ಎನ್ನುತ್ತಾರೆ. ಅದರೊಳಗೆ ಗಟ್ಟಿಯಾದ ಗ್ರೀಸು ತುಂಬಿ, ಮೇಲೆ ಮಡಿಕೆ ಮಡಿಕೆಯಾದ ರಬ್ಬರಿನ ಚೀಲವೊಂದನ್ನು ಬಿಗಿದಿರುತ್ತಾರೆ. ಅದಕ್ಕೆ ಬೂಟು ಎಂದು ಹೆಸರು.

ಕೆಲವು ನೂರು ರೂಪಾಯಿಯ ಈ ಬೂಟು ಹಲವು ಸಾವಿರ ರೂಪಾಯಿಯ ಕೀಲನ್ನು ಕಾಪಾಡುತ್ತದೆ. ಜಾಲಿಯ ಮುಳ್ಳೋ ಚೂಪುಗಲ್ಲೋ ತಾಗಿ, ಇಲ್ಲವೆ ಬಿಸಿಲಿಗೆ ರಬ್ಬರು ಬಿರಿದು ಅದು ಹರಿದರೆ ಗ್ರೀಸು ಹೊರಗೆ ಚಿಮ್ಮುತ್ತದೆ. ಎರೆಯ ಧೂಳು ಒಳಹೊಕ್ಕು ಅರೆಯತೊಡಗುತ್ತದೆ. ಗಾಲಿಯ ಒಳಮೈಯಲ್ಲಿ ಕಪ್ಪು ಗ್ರೀಸಿನ ಸಿಡಿತ ಕಂಡರೆ ಬೂಟು ಹರಿದಿದೆ ಎಂದು ತಿಳಿಯತಕ್ಕದ್ದು. ಆಗಲೇ ಬದಲಿಸಿದರೆ ಕೀಲು ಉಳಿಯುತ್ತದೆ. ಸ್ಟೇರಿಂಗನ್ನು ಪೂರ್ಣ ತಿರುಗಿಸಿ ನಿಧಾನವಾಗಿ ಸಾಗುವಾಗ 'ಟಕ್ ಟಕ್' ಎಂಬ ಸದ್ದು ಬರತೊಡಗಿದರೆ ಕೀಲು ಆಗಲೇ ಸವೆದಿದೆ. ಸದ್ದು ಬರುವವರೆಗೆ ಕಾಯುವುದು, ಹಲ್ಲು ಅಲುಗಾಡಿದ ಮೇಲೆ ಹಲ್ಲುಜ್ಜಲು ಕಲಿತಂತೆ. ಇನ್ನೊಂದು ಮಾತು: ಹೊಲಕ್ಕೆ ಹೋಗಿ ಬಂದ ಮೇಲೆ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಕೂಡಲೇ ಭಾಗಗಳನ್ನು ಬಿಚ್ಚಿಸಬೇಡಿ. ಗಾಲಿಯ ಒಳಬದಿಗೆ ಅಂಟಿ ಒಣಗಿದ ಎರೆಮಣ್ಣಿನ ಹೆಂಟೆ ಸಮತೋಲವನ್ನು ಕೆಡಿಸಿರಬಹುದು. ಒಂದು ಬಕೀಟು ನೀರಿನಿಂದ ರೋಗ ವಾಸಿಯಾದೀತು.

ಪಂಕ್ಚರಾದ ಗಾಲಿಯನ್ನು ಕಳಚುವಾಗಲೂ ಎಚ್ಚರ ಬೇಕು. ಗೇರಿನಲ್ಲಿ ನಿಲ್ಲಿಸಿದ ಕಾರು ಚಲಿಸದೆಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಮುಂದಿನ ಒಂದು ಗಾಲಿಯನ್ನು ಜಾಕಿಯಿಂದ ಎತ್ತಿದೊಡನೆ, ಡಿಫರೆನ್ಷಿಯಲ್‌ನ ದೆಸೆಯಿಂದ ಆ ಗಾಲಿ ಗಾಳಿಯಲ್ಲಿ ತಿರುಗಲು ಸ್ವತಂತ್ರವಾಗುತ್ತದೆ. ನೆಲದ ಮೇಲಿರುವ ಜೊತೆಗಾಲಿಗೂ ಉರುಳಲು ಬಿಡುವಾಗುತ್ತದೆ. ಆಗ ಕಾರನ್ನು ತಡೆಯುವುದು ಹಿಂದಿನ ಗಾಲಿಗಳ ಕೈಬ್ರೇಕು ಮಾತ್ರ. ಆದ್ದರಿಂದ ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟೇ ಜಾಕಿಗೆ ಕೈಹಚ್ಚಬೇಕು. ಕೆಟ್ಟ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ದೂರ ಎಳೆಸುವುದೂ ಒಳ್ಳೆಯದಲ್ಲ. ಸ್ವಯಂ ಗೇರಿನ ಅನೇಕ ಕಾರುಗಳಲ್ಲಿ ಎಂಜಿನು ನಿಂತಾಗ ಗೇರುಪೆಟ್ಟಿಗೆಯೊಳಗೆ ಎಣ್ಣೆ ಹರಿಯುವುದಿಲ್ಲ. ಎಳೆಯುವ ಗಾಲಿಗಳು ನೆಲದ ಮೇಲೆ ಉರುಳಿದರೆ ಅದು ಒಣಗಿ ಸುಡುತ್ತದೆ. ಮುಂಭಾಗವನ್ನು ಎತ್ತಿಸಿ ಒಯ್ಯುವುದೇ ಕ್ಷೇಮ.

ಇಷ್ಟೆಲ್ಲ ಓದಿದವರು, 'ಹಾಗಾದರೆ ಹಳ್ಳಿಗೆ ಹಿಂಗಾಲಿಯ ಗಾಡಿಯೇ ಮೇಲಲ್ಲವೆ?' ಎಂದು ಕೇಳಬಹುದು. ಈ ಮಾತನ್ನು ನಮ್ಮ ಹಿರಿಯ ಚಾಲಕರು ಅನುಭವದಿಂದಲೇ ಹೇಳುತ್ತಾರೆ. ಅದನ್ನು ತಳ್ಳಿಹಾಕುವ ಉದ್ಧಟತನ ನಮಗಿಲ್ಲ. ಹೇರು ಸಾಗಿಸುವ ಗಾಡಿಗೆ ಹಿಂಗಾಲಿಯೇ ತಕ್ಕದ್ದು, ಏಕೆಂದರೆ ಹೇರಿನ ಭಾರ ಹಿಂದೆ ಬೀಳುತ್ತದೆ. ಆದುದರಿಂದಲೇ ಟ್ರ್ಯಾಕ್ಟರೂ ಸರಕಿನ ಗಾಡಿಗಳೂ ಹಿಂದಿನ ಗಾಲಿಯನ್ನು ಬಿಟ್ಟಿಲ್ಲ. ಈಗ ಬರುತ್ತಿರುವ ವಿದ್ಯುತ್ ಕಾರುಗಳಲ್ಲಿಯೂ ಕೆಲವು ಮುಂಗಾಲಿಯವು, ಕೆಲವು ಹಿಂಗಾಲಿಯವು. ಆದರೆ ಹಗುರಾದ, ಅಗ್ಗವಾದ, ಕಡಿಮೆ ಇಂಧನ ಬೇಡುವ ಕಾರು ಸಾಮಾನ್ಯ ಕುಟುಂಬಕ್ಕೆ ದೊರೆತುದರಲ್ಲಿ ಮುಂಗಾಲಿಯ ಏರ್ಪಾಡಿನ ಪಾಲು ಸಣ್ಣದಲ್ಲ. ಮಧ್ಯರಾತ್ರಿ ಹೆರಿಗೆ ನೋವು ತಿನ್ನುವ ಹೆಣ್ಣುಮಗಳನ್ನು ಹಳ್ಳಿಯಿಂದ ವಿಜಯಪುರದ ಆಸ್ಪತ್ರೆಗೆ ಮುಟ್ಟಿಸುವ ಗಾಡಿ ಎಷ್ಟೋ ಸಲ ಇಂಥ ಸಣ್ಣ ಕಾರೇ ಆಗಿರುತ್ತದೆ. ದೋಷವನ್ನು ಅದರ ಮೇಲೆ ಹೊರಿಸುವುದಕ್ಕಿಂತ ಅದರ ಸ್ವಭಾವವನ್ನು ಅರಿಯುವುದು ಮೇಲು.

ಆದ್ದರಿಂದ ನಮ್ಮ ಸಲಹೆಗಳು ಇವು. ಚಾಲನೆ ಕಲಿಸುವ ಶಾಲೆಗಳು ಕ್ಲಚ್ಚು ಬ್ರೇಕುಗಳ ಪಾಠಕ್ಕೆ ಮುನ್ನ, ಈ ಕಾರನ್ನು ಎಳೆಯುವ ಗಾಲಿ ಯಾವುದೆಂಬುದನ್ನು ಕಲಿಸಲಿ. ಪರವಾನಗಿಯ ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿ. ಟೈರಿನ ಅಂಗಡಿಯವರು ಹೊಸ ಜೋಡಿಯನ್ನು ಹಿಂದಕ್ಕೆ ಹಾಕುವ ರೂಢಿಯನ್ನು ತಾವಾಗಿಯೇ ಆರಂಭಿಸಲಿ. ಪ್ರೌಢಶಾಲೆಗಳ ವಿಜ್ಞಾನದ ಅಧ್ಯಾಪಕರು ಘರ್ಷಣೆಯ ಪಾಠವನ್ನು ಕರಿಹಲಗೆಯಲ್ಲಿಯೇ ಮುಗಿಸದೆ, ಶಾಲೆಯ ಅಂಗಳದಲ್ಲಿ ನಿಂತ ಕಾರಿನ ಬಳಿಗೆ ಒಮ್ಮೆ ವಿದ್ಯಾರ್ಥಿಗಳನ್ನು ಕರೆದೊಯ್ಯಲಿ. ಟೈರಿನ ಗೀರನ್ನು ಅಳೆಯಲು ಒಂದು ಅಳತೆಪಟ್ಟಿ, ಬೂಟನ್ನು ನೋಡಲು ಒಂದು ಟಾರ್ಚು ಸಾಕು. ಬೇರೆ ಪ್ರಯೋಗಶಾಲೆ ಬೇಕಿಲ್ಲ.

ನಮ್ಮ ರೈತರು ಕಾರಹುಣ್ಣಿಮೆಯ ಹೊತ್ತಿಗೆ ಎತ್ತುಗಳ ಮೈತೊಳೆದು, ಕೂರಿಗೆ ಕುಂಟೆಗಳನ್ನು ಸಜ್ಜುಗೊಳಿಸಿಕೊಳ್ಳುತ್ತಾರೆ. ಮಳೆ ಬಂದ ಮೇಲೆ ಬಡಿಗನನ್ನು ಹುಡುಕುವವನನ್ನು ಒಳ್ಳೆಯ ಒಕ್ಕಲಿಗನೆಂದು ಯಾರೂ ಕರೆಯುವುದಿಲ್ಲ. ಮನೆಯಲ್ಲಿ ಕಾರು ಇರುವ ತರುಣ ಓದುಗರು ಅದೇ ಹುಣ್ಣಿಮೆಯ ಹೊತ್ತಿಗೆ ನಾಲ್ಕು ಟೈರುಗಳನ್ನೂ ಬೂಟುಗಳನ್ನೂ ಪರೀಕ್ಷಿಸುವ ಕೆಲಸವನ್ನು ತಾವೇ ವಹಿಸಿಕೊಂಡರೆ, ಓದಿದ ವಿಜ್ಞಾನಕ್ಕೆ ಮನೆಯಲ್ಲಿಯೂ ಒಂದು ಮರ್ಯಾದೆ ಬಂದೀತು. ಮೊದಲ ಮಳೆಯಲ್ಲಿ ಹೊರಟವರು ಸುರಕ್ಷಿತವಾಗಿ ಮನೆಗೆ ಮರಳಿಯಾರು.